ನಾಲ್ಕನೇ ನಂಬರು ಬಿಟ್ಟುಕೊಟ್ಟ ಅಕ್ಕ

ಉಳ್ಳಾಲದ ಕಡೆಯ ಪರಿಚಯದವರೊಬ್ಬರು ಮೊನ್ನೆ ಹಂಪನಕಟ್ಟೆಯಲ್ಲಿ ಸಿಕ್ಕಿದರು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡೇ, "ಗೊತ್ತಾಯ್ತಾ ರೈಟ್ರೇ, ಚಾ ಹೋಟ್ಲಿನ ಅಕ್ಕ ಹೋದ್ರು" ಎಂದರು. ಯಾವಾಗ, ಹೇಗೆ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತು. ಮನೆಗೆ ಬಂದು ಊಟಕ್ಕೆ ಕುಳಿತೆ, ಎದ್ದೆ, ಅಂಗಳದಲ್ಲಿ ಎರಡು ಸುತ್ತು ಹಾಕಿದೆ, ಮತ್ತೆ ಕುಳಿತೆ. "ಎಂತ ಆಗಿದೆ ನಿಮಗೆ ಇವತ್ತು?" ಎಂದು ಹೆಂಡತಿ ಕೇಳಿದಳು. ಹೇಳಲು ಹೊರಟರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕಾಗಿತ್ತು. ಅದರಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಅಕ್ಕ. ಅವರಿಗಿಂತ ದೊಡ್ಡವರಿಗೂ ಅಕ್ಕ.

ಆಗ ನಾನು ಇಪ್ಪತ್ತಮೂರರ ಹುಡುಗ, ಒಂದು ಧರ್ಮಫಂಡಿನ ಕಚೇರಿಯಲ್ಲಿ ಗುಮಾಸ್ತ, ಜನರ ಬಾಯಲ್ಲಿ ರೈಟ್ರು. ಊರಿನ ವ್ಯಾಪಾರಿಯೊಬ್ಬರು ತಮ್ಮ ತಾಯಿಯ ನೆನಪಿಗೆಂದು ಬೋಳಾರದಲ್ಲಿ ಹತ್ತು ಮನೆಗಳ ಒಂದು ಸಾಲು ಕಟ್ಟಿಸಿದ್ದರು. ಗಂಡ ಸತ್ತು, ನೋಡಿಕೊಳ್ಳುವವರಿಲ್ಲದ ಹೆಂಗಸರಿಗೆ ಮಾತ್ರ ಆ ಮನೆಗಳು. ವರ್ಷಕ್ಕೊಮ್ಮೆ ಹೆಸರಿಗಷ್ಟು ಬಾಡಿಗೆ. ಒಂದೊಂದಕ್ಕೂ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಗೇಣುದ್ದದ ಜಗಲಿ. ಬಿಡುವವರು ಒಂದು ತಿಂಗಳು ಮೊದಲು ಬರೆದು ತಿಳಿಸಬೇಕು, ಮನೆಯನ್ನು ಸುಣ್ಣ ಹೊಡೆದು ಒಪ್ಪಿಸಬೇಕು. ಒಮ್ಮೆ ಬಿಟ್ಟವರಿಗೆ ಮತ್ತೆ ಮನೆ ಇಲ್ಲ. ಈ ಕೊನೆಯ ನಿಯಮವನ್ನು ಕೆಂಪು ಶಾಯಿಯಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿದ್ದರು. ಓದು ಬಾರದವರಿಗೆ ಅದನ್ನು ಓದಿ ಹೇಳುವುದು ನನ್ನ ಕೆಲಸ.

ನಾಲ್ಕನೇ ನಂಬರಿನಲ್ಲಿ ಅಕ್ಕ ಹನ್ನೊಂದು ವರ್ಷದಿಂದ ಇದ್ದರು. ವಯಸ್ಸು ನಲವತ್ತರ ಆಚೆ ಈಚೆ. ಮಕ್ಕಳಿಲ್ಲ. ಕಾಫಿ ವರ್ಕ್ಸಿನಲ್ಲಿ ಬೀಜ ಹೆಕ್ಕುವ ಕೆಲಸ. ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದು ಬೇರೆ ಮಾಡುತ್ತ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕುಳಿತೇ ಇರಬೇಕು. ಅದಕ್ಕೋ ಏನೋ, ಹೊರಗೆ ಬಂದರೆ ಅವರು ಕುಳಿತುಕೊಳ್ಳುತ್ತಲೇ ಇರಲಿಲ್ಲ. ಗಂಜಿಯನ್ನೂ ನಿಂತುಕೊಂಡೇ ಕುಡಿಯುತ್ತಿದ್ದರು. ಕಾಲು ನಿಂತರೂ ಕೈ ನಿಲ್ಲುತ್ತಿರಲಿಲ್ಲ. ನೆರೆಮನೆಯ ಅಜ್ಜಿ ಅಕ್ಕಿ ಆರಿಸಲು ಗೆರಸೆ ಹಿಡಿದರೆ, ದಾರಿಯಲ್ಲಿ ಹೋಗುತ್ತಿದ್ದವರು ಬಗ್ಗಿ ನಾಲ್ಕು ಕಲ್ಲು ಹೆಕ್ಕಿ ಎಸೆದೇ ಮುಂದೆ ಹೋಗುವರು. ನಮ್ಮ ಕಚೇರಿಯ ಮೇಜಿನ ಮೇಲೆ ಗುಂಡುಸೂಜಿಗಳ ಡಬ್ಬಿ ಇತ್ತು. ಅವರು ಬಂದು ಹೋದ ಮೇಲೆ ನೋಡಿದರೆ ತುಕ್ಕು ಹಿಡಿದವೆಲ್ಲ ಒಂದು ಕಡೆ, ಒಳ್ಳೆಯವೆಲ್ಲ ಒಂದು ಕಡೆ.

ಒಂದು ವರ್ಷ ಮಳೆಗಾಲಕ್ಕೆ ಮೊದಲು ಹಂಚು ಬದಲಾಯಿಸಿ ಕೊಡಿ ಎಂದು ಎರಡು ಸಲ ಹೇಳಿಕಳಿಸಿದ್ದರು. ನಾವು ಮಾಡಿರಲಿಲ್ಲ. ಮೂರನೇ ಸಲ ಅವರೇ ಬಂದರು. ಒಡೆದ ಹಂಚನ್ನು ಸೆರಗಿನಲ್ಲಿ ಸುತ್ತಿ ತಂದು, ನಮ್ಮ ಕಾರ್ಯದರ್ಶಿಗಳ ಮುಂದೆ, ತೆರೆದ ಪುಸ್ತಕದ ಮೇಲೆಯೇ ಇಟ್ಟರು. ಕಾರ್ಯದರ್ಶಿಗಳು ಹೆಸರಾದ ವಕೀಲರು. ಅವರ ಮುಂದೆ ದೊಡ್ಡ ದೊಡ್ಡ ಕಕ್ಷಿದಾರರೇ ತಗ್ಗಿ ಮಾತಾಡುತ್ತಿದ್ದರು.

"ಇದು ಎಂತ?" ಎಂದರು ವಕೀಲರು.

"ನನ್ನ ಮನೆಯ ಮಾಡು. ನೀವು ಬಂದು ನೋಡ್ಲಿಕ್ಕೆ ಪುರುಸೊತ್ತಿಲ್ಲ ಅಂದ್ರಿ. ನಾನೇ ತಂದೆ."

ಮರುದಿನವೇ ಅವರ ಮನೆಗೆ ಹೊಸ ಹಂಚು ಹೋಯಿತು.

ಯಾರಾದರೂ ಕಷ್ಟ ಹೇಳಿಕೊಂಡರೆ ಅಕ್ಕ ಪೂರ್ತಿ ಕೇಳುವರು. ಕೇಳಿ ಮುಗಿದ ಮೇಲೆ ಒಂದೇ ಮಾತು: "ಆಯ್ತಲ್ಲ. ಇನ್ನು ಎಂತ ಮಾಡುವುದು, ಅದು ಹೇಳು." ಅಳುತ್ತ ಬಂದವರಿಗೆ ಸಿಟ್ಟು ಬರುತ್ತಿತ್ತು. ಆದರೆ ಸಿಟ್ಟಿನಿಂದಲಾದರೂ ಅವರ ಅಳು ನಿಲ್ಲುತ್ತಿತ್ತು.

ಇಂಥವರು ಒಂದು ಮಾಘದಲ್ಲಿ ಕಚೇರಿಗೆ ಬಂದು, ಯಾವ ಪೀಠಿಕೆಯೂ ಇಲ್ಲದೆ, "ಒಂದು ಕಾಗದ ಬರೀಬೇಕು. ಮನೆ ಬಿಡ್ತೇನೆ ಅಂತ" ಎಂದರು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು ಇದು.

ನಾನು ಕಾಗದ ತೆಗೆದು ಬರೆದೆ. ಹೆಸರು, ನಂಬರು, ತಾರೀಕು ಆಯಿತು. "ಕಾರಣ?" ಎಂದು ಕೇಳಿದೆ.

ಅವರು ಕಿಟಕಿಯ ಹತ್ತಿರ ಹೋದರು, ಹೊರಗೆ ನೋಡಿದರು, ಹಿಂದೆ ಬಂದರು. "ಕಾರಣ ಬರೀಲೇಬೇಕಾ?"

"ಬರೀಬೇಕು ಅಕ್ಕ. ಅದಕ್ಕೊಂದು ಕಲಂ ಉಂಟು."

"ಹಾಗಾದ್ರೆ ಇವತ್ತು ಬೇಡ" ಎಂದು ಕಾಗದ ಎಳೆದುಕೊಂಡು ಹೊರಟೇಹೋದರು.

ಕಾರಣ ಏನೆಂದು ಊರಿಗೆಲ್ಲ ಗೊತ್ತಿತ್ತು. ಉಳ್ಳಾಲದ ದೋಣಿಕಡವಿನ ಹತ್ತಿರ, ನದಿಯ ಆಚೆ ದಡದಲ್ಲಿ, ಚಾ ಹೋಟೆಲು ಇಟ್ಟಿದ್ದ ವಿಧುರರೊಬ್ಬರು ಅಕ್ಕನನ್ನು ಮದುವೆಗೆ ಕೇಳಿದ್ದರು. ಅವರ ಜಾತಿಯಲ್ಲಿ ಹೆಂಗಸರು ಎರಡನೇ ಸಲ ಮದುವೆಯಾಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೂ ಈ ವಯಸ್ಸಿನಲ್ಲಿ ಎಂದರೆ ಸಾಲಿನ ಹೆಂಗಸರಿಗೆ ನಗು. ನಗುವುದರ ಜೊತೆಗೆ ಹೆದರಿಕೆಯೂ ಇತ್ತು. ಒಂದು ವಾರದ ಮೇಲೆ ಅಕ್ಕ ಮತ್ತೆ ಬಂದರು. ಕಾಗದ ಪೂರ್ತಿ ಬರೆಸಿದರು, ಕಾರಣದ ಜಾಗದಲ್ಲಿ "ಬೇರೆ ಕಡೆ ವಾಸಕ್ಕೆ" ಎಂದು ಹಾಕಿಸಿದರು, ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡರು. ಒತ್ತುವ ಮೊದಲು ಗೋಡೆಯ ಕೆಂಪು ಅಕ್ಷರ ತೋರಿಸಿ, "ಅದನ್ನು ಇನ್ನೊಮ್ಮೆ ಓದಿ" ಎಂದರು. ಓದಿದೆ. ಹೆಬ್ಬೆಟ್ಟನ್ನು ಸೀರೆಗೆ ಒರೆಸಿಕೊಂಡು ಹೋದರು. ಮೂರನೇ ಸಲ ಬಂದಾಗ ನೇರ ಶಾಯಿಯ ಡಬ್ಬಿಗೆ ಕೈ ಹಾಕಿದರು. ಒತ್ತಿದರು, ಕಾಗದವನ್ನು ನನ್ನ ಕಡೆಗೆ ತಳ್ಳಿದರು, ತಿರುಗಿ ನೋಡದೆ ನಡೆದರು.

ಅದೇ ದಿನ ಸಂಜೆ ಮೂರನೇ ನಂಬರಿನ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದರು. ಎಪ್ಪತ್ತು ದಾಟಿದ, ಅಕ್ಕನ ಗೋಡೆಗೆ ಗೋಡೆ ತಾಗಿ ಬದುಕಿದ ಮುದುಕಿ.

"ಮಗಾ, ಆ ಕಾಗದ ಮೇಲೆ ಕಳಿಸಬೇಡ. ಮೂರು ತಿಂಗಳು ನಿನ್ನ ಹತ್ತಿರವೇ ಇರಲಿ. ಅವಳಿಗೆ ತವರು ಇಲ್ಲ. ಆ ಮನುಷ್ಯ ಸರಿ ಇಲ್ಲದಿದ್ರೆ ಅವಳು ಎಲ್ಲಿಗೆ ಬರ್ಬೇಕು?"

ನನ್ನ ಚಿಕ್ಕಮ್ಮ ಗಂಡನ ಮನೆಯಿಂದ ಹಾಗೆ ಹಿಂದೆ ಬಂದು, ತವರಿನ ಮುಚ್ಚಿದ ಬಾಗಿಲ ಮುಂದೆ ನಿಂತದ್ದನ್ನು ನಾನು ಕಂಡವನು. ಕಾಗದವನ್ನು ಮಡಚಿ ಮೇಜಿನ ಖಾನೆಯೊಳಗೆ ಇಟ್ಟೆ. ಪುಣ್ಯದ ಕೆಲಸ ಮಾಡಿದೆ ಎಂದೇ ತಿಳಿದೆ. ಅಕ್ಕನಿಗೂ ಹೇಳಲಿಲ್ಲ.

ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಅವರು ಮನೆ ಬಿಟ್ಟರು. ಕಾಫಿ ವರ್ಕ್ಸಿಗೆ ಎರಡು ದಿನ ರಜೆ ಹಾಕಿ, ತಾವೇ ಸುಣ್ಣ ಕಲಸಿ ಗೋಡೆ ಬಳಿದರು. ಒಲೆಯ ಮೇಲಿನ ಹನ್ನೊಂದು ವರ್ಷದ ಮಸಿಯನ್ನು ಕತ್ತಿಯಿಂದ ಕೆರೆದರು. ಗೋಡೆಯ ಮೊಳೆಗಳನ್ನು ಒಂದೂ ಬಿಡದೆ ಕಿತ್ತು, ತೂತುಗಳಿಗೆ ಮಣ್ಣು ಮೆತ್ತಿ, ಅದರ ಮೇಲೆ ಸುಣ್ಣ ತೀಡಿದರು. ಅಜ್ಜಿ ಹೊಸಿಲ ಮೇಲೆ ಕುಳಿತು ಗೊಣಗುತ್ತಿದ್ದರು: "ಮೊಳೆ ಇದ್ರೆ ಮುಂದೆ ಬರುವವಳಿಗೆ ಆಗ್ತದೆ. ಯಾಕೆ ಕೀಳ್ತಿ?"

"ಅವಳ ಸೀರೆ ಅವಳು ಎಲ್ಲಿ ಬೇಕೋ ಅಲ್ಲಿ ಹಾಕ್ಲಿ. ನನ್ನ ಮೊಳೆಗೆ ಯಾಕೆ ಹಾಕ್ಬೇಕು?"

ಮೂರನೇ ದಿನ ಬೆಳಿಗ್ಗೆ ಬೀಗದಕೈ ತೆಗೆದುಕೊಳ್ಳಲು ನಾನು ಹೋದೆ. "ಹೊರಗೆ ನಿಲ್ಬೇಡಿ, ಒಳಗೆ ಬಂದು ನೋಡಿ. ಆಮೇಲೆ ಅದು ಇಲ್ಲ, ಇದು ಇಲ್ಲ ಅಂತ ಆಗ್ಬಾರ್ದು" ಎಂದು ನನ್ನನ್ನು ಮೂಲೆ ಮೂಲೆಗೆ ಕರೆದುಕೊಂಡು ಹೋದರು. ಬರಿದಾದ ಕೋಣೆಯಲ್ಲಿ ಸುಣ್ಣದ ಹಸಿವಾಸನೆ. ಹೊರಗೆ ಕೈಗಾಡಿಯಲ್ಲಿ ಒಂದು ತಗಡಿನ ಪೆಟ್ಟಿಗೆ, ಎರಡು ಚಾಪೆ, ಪಾತ್ರೆಯ ಗೋಣಿ. ಕಡೆಯುವ ಕಲ್ಲನ್ನು ಅಜ್ಜಿಗೆ ಕೊಟ್ಟಿದ್ದರು. ಬೀಗ ಹಾಕಿ ಬೀಗದಕೈಯನ್ನು ನನಗೆ ಕೊಟ್ಟರು. ಗಾಡಿ ತಿರುವಿನವರೆಗೆ ಹೋಯಿತು. ಅಕ್ಕ ಓಡುತ್ತ ಹಿಂದೆ ಬಂದರು.

"ಬೀಗ ಬಿತ್ತಾ ಸರಿಯಾಗಿ?"

"ನೀವೇ ಹಾಕಿದ್ದಲ್ವಾ ಅಕ್ಕ."

ಒಮ್ಮೆ ಎಳೆದು ನೋಡಿ ಹೋದರು. ಗಾಡಿ ಮರೆಯಾದ ಮೇಲೆ ಇನ್ನೊಮ್ಮೆ ಬಂದರು. ಜಗಲಿಯ ಅಂಚಿನಲ್ಲಿ ಬಿದ್ದಿದ್ದ ಸುಣ್ಣದ ಹನಿಯೊಂದನ್ನು ಉಗುರಿನಿಂದ ಕೆರೆದು ತೆಗೆದು, ಕಡವಿನ ದಾರಿ ಹಿಡಿದರು.

ನನ್ನ ನೆಮ್ಮದಿ ಹೋದದ್ದು ಅಲ್ಲಿಂದ. ಮನೆಗಾಗಿ ಅರ್ಜಿ ಹಾಕಿದವರ ಪಟ್ಟಿಯಲ್ಲಿ ಮೊದಲ ಹೆಸರು ಒಬ್ಬ ಎಳೆಯ ವಿಧವೆಯದು. ಎರಡು ಹೆಣ್ಣುಮಕ್ಕಳು. ಗಂಡ ಹಂಚಿನ ಕಾರ್ಖಾನೆಯಲ್ಲಿದ್ದು ಜ್ವರದಲ್ಲಿ ತೀರಿಹೋಗಿದ್ದ. ಜೆಪ್ಪಿನಲ್ಲಿ ಯಾರದೋ ಹಟ್ಟಿಗೆ ತಾಗಿದ ಚಾವಡಿಯಲ್ಲಿ, ದನಗಳ ಪಕ್ಕ, ಮೂವರೂ ಇದ್ದರು. ಆಕೆ ಪ್ರತಿ ಸೋಮವಾರ ಕಚೇರಿಗೆ ಬರುತ್ತಿದ್ದಳು. ಜಗಲಿಯ ಕೆಳಗೆ ನಿಂತು, "ಯಾವುದಾದ್ರೂ ಖಾಲಿ ಆಯ್ತಾ ರೈಟ್ರೇ?" ಎಂದು ಕೇಳುತ್ತಿದ್ದಳು. "ಇಲ್ಲ, ಮುಂದಿನ ತಿಂಗಳು ನೋಡುವ" ಎನ್ನುತ್ತಿದ್ದೆ. ಮೊದಲ ಸಲ ಸುಲಭವಾಗಿ ಹೇಳಿದೆ. ಎರಡನೇ ಸಲ ಪುಸ್ತಕ ನೋಡುವ ಹಾಗೆ ಮಾಡಿ ಹೇಳಿದೆ. ಆಮೇಲೆ ಸೋಮವಾರ ಬಂತೆಂದರೆ ಅವಳು ಬರುವ ಹೊತ್ತಿಗೆ ಒಳಕೋಣೆಯಲ್ಲಿ ಏನಾದರೂ ಕೆಲಸ ಹುಡುಕುತ್ತಿದ್ದೆ. ಸಂಜೆ ಸುಮ್ಮನೆ ಬೋಳಾರದವರೆಗೆ ನಡೆದು ನಾಲ್ಕನೇ ನಂಬರಿನ ಬೀಗ ನೋಡಿ ಬರುತ್ತಿದ್ದೆ. ಯಾಕೆ ನೋಡುತ್ತಿದ್ದೆನೋ! ಕಾಗದವನ್ನು ವಕೀಲರಿಗೆ ಕೊಟ್ಟುಬಿಡಬೇಕೆಂದು ಎಷ್ಟೋ ಸಲ ಖಾನೆ ಎಳೆದೆ. ಅಜ್ಜಿಯ ಮಾತು ನೆನಪಾಗಿ ಮುಚ್ಚಿದೆ. ಅಷ್ಟರಲ್ಲಿ ಮಳೆ ಹಿಡಿಯಿತು.

ಮಳೆ ಜೋರಾಗುವ ಆಟಿ ತಿಂಗಳ ಒಂದು ಸೋಮವಾರ. ನದಿ ತುಂಬಿ ದೋಣಿ ದಾಟುವುದೇ ಕಷ್ಟವಾಗಿದ್ದ ದಿನಗಳು. ಆ ಹೆಂಗಸು ಮಕ್ಕಳನ್ನೂ ಕರೆದುಕೊಂಡು ಬಂದು, ಮಳೆ ನಿಲ್ಲಲಿ ಎಂದು ಜಗಲಿಯ ಮೂಲೆಯಲ್ಲಿ ಮುದುಡಿ ಕುಳಿತಿದ್ದಳು. ಸಣ್ಣದು ಕೆಮ್ಮುತ್ತಿತ್ತು. ಆಗ ಅಕ್ಕ ಬಂದರು. ತಲೆಯ ಮೇಲೆ ಅದೇ ತಗಡಿನ ಪೆಟ್ಟಿಗೆ. ಕೊಡೆ ಇಲ್ಲ, ಸೀರೆ ಮೈಗಂಟಿದೆ. ಪೆಟ್ಟಿಗೆಯನ್ನು ಕಚೇರಿಯ ಒಳಗೆ ಇಳಿಸಿ, ನಿಂತುಕೊಂಡೇ ಕೇಳಿದರು.

"ಮನೆ ಯಾರಿಗೆ ಕೊಟ್ರಿ?"

"ಎಂತ ಆಯ್ತು ಅಕ್ಕ?"

"ಎಂತದೂ ಆಗ್ಲಿಲ್ಲ. ಅವರು ಒಳ್ಳೆಯವರೇ. ಅವರ ಅಕ್ಕ ಒಬ್ರು ಇದ್ದಾರೆ ಮನೆಯಲ್ಲಿ. ಒಲೆ ಅವರದ್ದು, ಉಪ್ಪಿನ ಭರಣಿ ಅವರದ್ದು. ನನಗೆ ಅಲ್ಲಿ ಒಂದು ಮೊಳೆ ಹೊಡೀಲಿಕ್ಕೆ ಜಾಗ ಇಲ್ಲ. ಮಳೆಗಾಲ, ವರ್ಕ್ಸಿನಲ್ಲೂ ಕೆಲಸ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಮೂಲೆಯಲ್ಲಿ ಕೂತು ಕೂತು... ನನಗೆ ಆಗ್ಲಿಲ್ಲ ಮಾರಾಯ್ರೆ. ಮನೆ ಯಾರಿಗೆ ಕೊಟ್ರಿ ಅಂತ ಕೇಳಿದೆ."

ಆ ಕ್ಷಣಕ್ಕಾಗಿಯೇ ನಾನು ಮೂರು ತಿಂಗಳು ಸುಳ್ಳು ಹೇಳಿದ್ದೆ. ಖಾನೆ ಎಳೆದು, ಮಡಚಿದ ಕಾಗದವನ್ನೂ ಬೀಗದಕೈಯನ್ನೂ ಮೇಜಿನ ಮೇಲಿಟ್ಟೆ. "ಯಾರಿಗೂ ಕೊಡ್ಲಿಲ್ಲ ಅಕ್ಕ. ನಿಮ್ಮ ಕಾಗದ ನಾನು ಮೇಲೆ ಕಳಿಸಲೇ ಇಲ್ಲ. ಮನೆ ನಿಮ್ಮದೇ."

ಅವರ ಮುಖ ಒಮ್ಮೆ ಅರಳಿತು. ಅದನ್ನು ನಾನು ನೋಡಿದ್ದೇನೆ. ಕೈ ಬೀಗದಕೈಯವರೆಗೆ ಬಂತು.

ಜಗಲಿಯಿಂದ ಆ ಹೆಂಗಸು ಎದ್ದು ಬಾಗಿಲಿಗೆ ಬಂದಳು. ಜೋರಾಗಿ ಮಾತಾಡುವವಳೇ ಅಲ್ಲ. "ಅಂದ್ರೆ ಖಾಲಿ ಇತ್ತಾ ರೈಟ್ರೇ?" ಎಂದಳು.

ಅಕ್ಕ ಅವಳ ಕಡೆ ತಿರುಗಿದರು. "ನೀನು ಯಾರು?"

ಅವಳು ಹೇಳಿದಳು. ಗಂಡ ತೀರಿಕೊಂಡದ್ದು, ಹಟ್ಟಿಯ ಚಾವಡಿ, ಪಟ್ಟಿಯಲ್ಲಿ ಹೆಸರು, ಪ್ರತಿ ಸೋಮವಾರ ಬಂದು ಕೇಳಿ ಹೋಗುವುದು. ನನ್ನ ಮೇಲೆ ದೂರು ಎಂಬ ಹಾಗೆ ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿದಳು, ಅಷ್ಟೆ. ಅಕ್ಕ ಪೂರ್ತಿ ಕೇಳಿದರು. "ಆಯ್ತಲ್ಲ, ಇನ್ನು ಎಂತ" ಎನ್ನುವ ಮಾತು ಅವತ್ತು ಅವರ ಬಾಯಿಂದ ಬರಲಿಲ್ಲ. ನನ್ನ ಬೆಂಚಿನ ಮೇಲೆ ಕುಳಿತುಬಿಟ್ಟರು. ಹಾಗೆ ಅವರು ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಎಷ್ಟು ಹೊತ್ತು ಕುಳಿತರೋ. ಎದ್ದು ಜಗಲಿಯ ಆ ತುದಿಗೆ ಹೋದರು, ಈ ತುದಿಗೆ ಬಂದರು. ಮಳೆಗೆ ಇಳಿದು ಅಂಗಳದವರೆಗೆ ಹೋಗಿ ತಿರುಗಿ ಬಂದರು. ಕೆಮ್ಮುವ ಮಗುವನ್ನು ನೋಡಿದರು, ತಮ್ಮ ಪೆಟ್ಟಿಗೆಯನ್ನು ನೋಡಿದರು. ಕೊನೆಗೆ ನನ್ನ ಮುಂದೆ ನಿಂತರು.

"ಆ ಕಾಗದ ಈಗಲೇ ವಕೀಲರಿಗೆ ಕೊಡಿ."

"ಮತ್ತೆ ನೀವು?"

"ನಾನು ಹೆಬ್ಬೆಟ್ಟು ಹಾಕಿ ಆಯ್ತು, ಬಿಟ್ಟು ಆಯ್ತು. ನಿಮ್ಮಲ್ಲಿ ಯಾರು ಕೇಳಿದ್ದು ಇಟ್ಕೊಳ್ಳಿ ಅಂತ? ನನ್ನ ಹೆಸರಲ್ಲಿ ಬೀಗ ಹಾಕಿ ಈ ಮಕ್ಕಳನ್ನು ದನದ ಹತ್ತಿರ ಮಲಗಿಸಿದ್ರಿ. ನನಗೆ ಒಂದು ಮಾತು ಹೇಳಿದ್ರೆ ಅವತ್ತೇ ಹರಿದು ಹಾಕ್ತಿದ್ದೆ, ಇಲ್ಲದಿದ್ರೆ ಅವತ್ತೇ ನಾನೇ ಮೇಲೆ ಕೊಡ್ತಿದ್ದೆ."

ಕಾಗದ ಹಿಡಿದು ನಾನು ಒಳಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ವಕೀಲರು ಬೈಯಲಿಲ್ಲ. ಮನೆಗಳ ಪುಸ್ತಕ ತರಿಸಿ, ನಾಲ್ಕನೇ ನಂಬರಿನ ಪುಟ ತೆರೆದು, ಅದು ಇಂಥ ದಿನದಿಂದ ಇಂಥ ದಿನದವರೆಗೆ ಗುಮಾಸ್ತನ ತಪ್ಪಿನಿಂದ ಖಾಲಿ ಇತ್ತು ಎಂದು ನನ್ನ ಕೈಯಿಂದಲೇ ಬರೆಸಿದರು. ಬರೆದು ರುಜು ಹಾಕಿದೆ. ಅವತ್ತೇ ಮಧ್ಯಾಹ್ನ ಆ ಹೆಂಗಸಿಗೆ ಬೀಗದಕೈ ಸಿಕ್ಕಿತು.

ಅವಳಿಗೆ ಮನೆ ತೋರಿಸಲು ಹೋದದ್ದು ಅಕ್ಕ. ಹಿತ್ತಲ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ಚಿಲಕ ಬೀಳುತ್ತದೆ, ಗಾಳಿಮಳೆಗೆ ಈ ಮೂಲೆಯಲ್ಲಿ ಹನಿಯುತ್ತದೆ, ಇಲ್ಲಿ ಮಕ್ಕಳನ್ನು ಮಲಗಿಸಬೇಡ, ಒಲೆಗೆ ಪಡುವಣದಿಂದ ಸೌದೆ ಹಾಕು, ಹೊಗೆ ಒಳಗೆ ನಿಲ್ಲುವುದಿಲ್ಲ. ಎಲ್ಲ ಹೇಳಿದರು. ಆಮೇಲೆ ತಮ್ಮ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಅಜ್ಜಿಯ ಮನೆಗೆ ಹೋದರು. ನೆಂಟರು ಮೂರು ದಿನಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವೂ ಫಂಡಿಗಿತ್ತು. ಆ ನಿಯಮವನ್ನು ವಕೀಲರಿಗೆ ಯಾರೂ ನೆನಪಿಸಲಿಲ್ಲ.

ಆ ದಿನಗಳು ಅಕ್ಕನಿಗೆ ಬಹಳ ಕಷ್ಟವಾದವೆಂದು ಅಜ್ಜಿ ಆಮೇಲೆ ಹೇಳಿದರು. ಗೋಡೆಯಾಚೆ ಬೇರೆಯವರ ಪಾತ್ರೆ ಸದ್ದಾದರೆ ಸಾಕು, ಇವರು ಎದ್ದು ಹೊರಗೆ ಹೋಗುವರಂತೆ. ಅಜ್ಜಿಯ ಅಕ್ಕಿಯನ್ನು ಆರಿಸಿ ಆರಿಸಿ ಅದರಲ್ಲಿ ಕಲ್ಲೇ ಉಳಿಯಲಿಲ್ಲವಂತೆ.

ಹನ್ನೊಂದನೇ ದಿನ ಚಾ ಹೋಟೆಲಿನವರು ಬಂದರು. ತೆಳ್ಳಗಿನ, ಮಿದುಮಾತಿನ ಮನುಷ್ಯ. ಸಾಲಿನ ಒಳಗೆ ಬರಲು ನಾಚಿಕೆಪಟ್ಟು ತಿರುವಿನಲ್ಲಿಯೇ ನಿಂತಿದ್ದರು. ನಾನು ಆ ದಾರಿಯಾಗಿ ಬಂದವನು ಸಿಕ್ಕಿಬಿದ್ದೆ. "ರೈಟ್ರೇ, ಒಮ್ಮೆ ಕರೀತೀರಾ?" ಎಂದರು. ಕರೆದೆ. ಅಕ್ಕ ಬಂದು ನಾಲ್ಕು ಮಾರು ದೂರದಲ್ಲಿ ನಿಂತರು.

"ಹೋಟ್ಲಿನ ಹಿಂದೆ ಒಂದು ಕೋಣೆ ಉಂಟು" ಎಂದರು ಅವರು. "ಸೌದೆ ಹಾಕುದು ಅದರಲ್ಲಿ. ಅದನ್ನು ಖಾಲಿ ಮಾಡಿ ಬೇರೆ ಒಲೆ ಹಾಕಿಸ್ತೇನೆ."

"ಹಾಕಿಸಿ ಆಮೇಲೆ ಬನ್ನಿ. ಹಾಕಿಸ್ತೇನೆ ಅಂತ ಹೇಳ್ಲಿಕ್ಕೆ ಬರ್ಬೇಡಿ."

"ಆಯ್ತು."

"ಮಳೆ ಬಿಟ್ಟ ಮೇಲೆ ನಾನು ವರ್ಕ್ಸಿಗೆ ಹೋಗ್ತೇನೆ. ದಿನಾ ಕಡವು ದಾಟಿ."

"ಆಯ್ತು" ಎಂದು ಅವರು ಹೊರಡಲು ತಿರುಗಿ, "ನೀನಿಲ್ಲದೆ ಅಲ್ಲಿ ತುಂಬ ಬೇಸರ" ಎಂದರು. ನಾನು ಇದ್ದೇನೆ ಎಂಬುದು ಆಮೇಲೆ ನೆನಪಾಗಿ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಅಕ್ಕ ಒಳಗೆ ಹೋದರು.

ಒಂದು ವಾರ ಕಳೆದು ಆ ಮನುಷ್ಯ ಮತ್ತೆ ಬಂದರು. ಈ ಸಲ ಸಾಲಿನ ಒಳಗೆ, ಅಜ್ಜಿಯ ಜಗಲಿಯವರೆಗೆ ಬಂದರು. ಉಗುರಿನ ಸಂದಿಯಲ್ಲಿ ಒಲೆಯ ಮಣ್ಣು ಇನ್ನೂ ಇತ್ತು. ಅಕ್ಕ ಅದನ್ನು ನೋಡಿದರು. ಒಳಗೆ ಹೋಗಿ ಪೆಟ್ಟಿಗೆ ತಂದರು. ಅದನ್ನು ಹೊತ್ತದ್ದು ಚಾ ಹೋಟೆಲಿನವರು.

ಆಮೇಲೆ ಎಷ್ಟೋ ವರ್ಷ ಅಕ್ಕ ಕಡವು ದಾಟಿ ಕಾಫಿ ವರ್ಕ್ಸಿಗೆ ಬಂದರು. ನಾಲ್ಕನೇ ನಂಬರಿನ ಆ ಎರಡು ಹುಡುಗಿಯರು ದೊಡ್ಡವರಾದರು. ಹಿರಿಯವಳು ಶಾಲೆಯಲ್ಲಿ ಟೀಚರಾದಳು. ನಾನು ಫಂಡಿನ ಕೆಲಸ ಬಿಟ್ಟು ಬೇರೆ ಕಡೆ ಸೇರಿದೆ. ಎದುರು ಸಿಕ್ಕಾಗ ಅಕ್ಕ ನಕ್ಕು ಮಾತಾಡಿಸುತ್ತಿದ್ದರು. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಯುದ್ಧ ಮುಗಿದ ವರ್ಷವಿರಬೇಕು, ಏನೋ ಕೆಲಸಕ್ಕೆ ಉಳ್ಳಾಲಕ್ಕೆ ಹೋಗಿದ್ದವನು ಬೆಳಗಿನ ದೋಣಿಯಲ್ಲಿ ಹಿಂದೆ ಬರುತ್ತಿದ್ದೆ. ದೋಣಿಯಲ್ಲಿ ಅಕ್ಕನೂ ಇದ್ದರು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಎಲ್ಲರೂ ಕುಳಿತಿದ್ದರೆ ಅವರೊಬ್ಬರು ನಿಂತಿದ್ದರು. ಅಂಬಿಗ ಬೈದು ಬೈದು ಸಾಕಾಗಿ ಸುಮ್ಮನಾಗಿದ್ದ. ನದಿಯ ನಡುವೆ ಬಂದಾಗ ಧೈರ್ಯ ಮಾಡಿ ಕೇಳಿದೆ.

"ಅಕ್ಕ, ಆ ದಿನ ಅವಳು ಜಗಲಿಯಲ್ಲಿ ಇರದಿದ್ರೆ ನೀವು ಎಂತ ಮಾಡ್ತಿದ್ರಿ?"

ಅವರು ನನ್ನನ್ನು ನೋಡಿ ನಕ್ಕರು. "ಎಂತ ಮಾಡುದು? ಬೀಗದಕೈ ನಿಮ್ಮ ಕೈಯಿಂದ ಕಿತ್ಕೊಂಡು ಓಡ್ತಿದ್ದೆ. ಒಳಗೆ ಹೋಗಿ ಬಾಗಿಲು ಹಾಕಿ, ಯಾರು ಕರೆದ್ರೂ ತೆಗೀತಿರ್ಲಿಲ್ಲ."

"ಅವಳಿಗೆ ಹಿತ್ತಲ ಬಾಗಿಲು ಹೇಗೆ ಹಾಕುದು ಅಂತ ತೋರಿಸಿದ್ದಲ್ವಾ?" ಎಂದು ಅವರೇ ಮುಂದುವರಿಸಿದರು. "ತೋರಿಸುವಾಗ ಮನಸ್ಸಿನಲ್ಲಿ ಅವಳಿಗೆ ಹಿಡಿಶಾಪ ಹಾಕ್ತಿದ್ದೆ. ಹಾಳಾದವಳು, ಇವತ್ತೇ ಬರ್ಬೇಕಿತ್ತಾ ಅಂತ. ನಿಮಗೆ ಮಾತ್ರ ಹೇಳಿದ್ದು. ಆ ಮಕ್ಕಳ ಹತ್ತಿರ ಹೇಳ್ಬೇಡಿ ಮಾರಾಯ್ರೆ, ದೊಡ್ಡವಳು ದೀಪಾವಳಿಗೆ ನನಗೆ ಸೀರೆ ತರ್ತಾಳೆ."

ಕೆಲಸ ಶುರುವಾಗುವ ವರ್ಕ್ಸಿನ ಸೈರನ್ನಿನ ಕೂಗು ಕೇಳಿಸಿತು. ದಡ ಇನ್ನೂ ಎರಡು ಮಾರು ದೂರವಿತ್ತು. "ಓ ಅಕ್ಕ, ನಿಲ್ಲಿ, ನಿಲ್ಲಿ!" ಎಂದು ಅಂಬಿಗ ಕೂಗುತ್ತಿದ್ದ ಹಾಗೆಯೇ ಅವರು ಸೀರೆ ಎತ್ತಿಕೊಂಡು ನೀರಿಗೆ ಇಳಿದರು. ದೋಣಿ ಒಮ್ಮೆ ಓಲಾಡಿತು, ನಾವೆಲ್ಲ ಅಂಚನ್ನು ಹಿಡಿದುಕೊಂಡೆವು. ನಾವು ದಡಕ್ಕೆ ತಾಗಿ ಇಳಿಯುವ ಹೊತ್ತಿಗೆ ಮರಳಿನ ಮೇಲೆ ಅವರ ಒದ್ದೆ ಹೆಜ್ಜೆಗಳಷ್ಟೇ ಇದ್ದವು.